ನನ್ನ ಫೋನ್ ಕರೆಯನ್ನು ಸರ್ಕಾರ ಕೇಳಿಸಿಕೊಳ್ಳುತ್ತಿದೆಯೇ?

ಪ್ರಶ್ನೆ: ‘ನಿಮ್ಮ ಜೇಬಿನಲ್ಲೇ ಬೇಹುಗಾರ’, ‘ನಿಮ್ಮ ಪ್ರತಿ ಮಾತೂ ಸರ್ಕಾರದ ಕಿವಿಗೆ’ ಎಂದು ಟಿ.ವಿ.ಯಲ್ಲಿ ದಿನವಿಡೀ ತೋರಿಸುತ್ತಾರೆ. ಈಗ ತಂಗಿಯ ಜೊತೆ ಫೋನಿನಲ್ಲಿ ಮನಬಿಚ್ಚಿ ಮಾತನಾಡಲೂ ಅಂಜಿಕೆ. ‘ತಪ್ಪು ಮಾಡದವರಿಗೆ ಯಾಕೆ ಭಯ’ ಅನ್ನುತ್ತಾರೆ ನಮ್ಮ ಯಜಮಾನರು. ಯಾರನ್ನು ನಂಬಲಿ?

ಉತ್ತರ: ಇಬ್ಬರನ್ನೂ ಪೂರ್ತಿ ನಂಬಬೇಡಿ. ಸರ್ಕಾರಗಳು ಕಣ್ಗಾವಲು ಇಡುವುದು ನಿಜ. ಆದರೆ ಯಾರೋ ಒಬ್ಬ ಅಧಿಕಾರಿ ಹೆಡ್‌ಫೋನ್ ಹಾಕಿಕೊಂಡು ನಿಮ್ಮ ಮಾತು ಕೇಳುತ್ತಾ ಕೂತಿರುವ ಆ ಟಿ.ವಿ. ಚಿತ್ರ ನಿಜವಾದ ಅಪಾಯವನ್ನೇ ಮರೆಮಾಚುತ್ತದೆ.

ಅಮೆರಿಕದ ಬೇಹುಗಾರಿಕೆಯ ಒಳಗೆ ಗುತ್ತಿಗೆ ನೌಕರನಾಗಿದ್ದ ಎಡ್ವರ್ಡ್ ಸ್ನೋಡೆನ್ 2013ರ ಜೂನ್‌ನಲ್ಲಿ ಹೊರಗೆಡಹಿದ ದಾಖಲೆಗಳನ್ನು ನೋಡಿ. ಅಲ್ಲಿನ ರಾಷ್ಟ್ರೀಯ ಭದ್ರತಾ ಸಂಸ್ಥೆ ರಹಸ್ಯ ನ್ಯಾಯಾಲಯದ ಆದೇಶ ಹಿಡಿದು, ವೆರಿಝಾನ್ ಎಂಬ ಫೋನ್ ಕಂಪನಿಯಿಂದ ಗ್ರಾಹಕರ ಕರೆ ವಿವರಗಳನ್ನು ದಿನವೂ ಸಗಟಾಗಿ ಪಡೆಯುತ್ತಿತ್ತು. ಯಾವ ನಂಬರಿನಿಂದ ಯಾವ ನಂಬರಿಗೆ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಎಂಬಂಥ ವಿವರಗಳು ಅದರಲ್ಲಿದ್ದವು. ಆಡಿದ ಮಾತು ಇರಲಿಲ್ಲ. ಹಾಗೆಂದು ಇದನ್ನು ಹಗುರವಾಗಿ ಕಾಣಬೇಡಿ. ಒಬ್ಬಾಕೆ ಬೆಳಿಗ್ಗೆ ಕ್ಯಾನ್ಸರ್ ತಜ್ಞರಿಗೆ, ಮಧ್ಯಾಹ್ನ ವಿಮೆ ಕಚೇರಿಗೆ, ರಾತ್ರಿ ಅಕ್ಕನಿಗೆ ಒಂದು ತಾಸು ಕರೆ ಮಾಡಿದ್ದರೆ, ವಿಷಯ ತಿಳಿಯಲು ಮಾತು ಕೇಳಬೇಕಾಗಿಲ್ಲ. ಕಚೇರಿಯ ಅಕ್ರಮವನ್ನು ಪತ್ರಕರ್ತರಿಗೆ ತಿಳಿಸಿದ ನೌಕರನನ್ನು ಪತ್ತೆಹಚ್ಚಲೂ ಇಷ್ಟು ಸಾಕು. ಇವರಿಬ್ಬರೂ ಯಾವ ತಪ್ಪನ್ನೂ ಮಾಡಿದವರಲ್ಲ. ನಿಮ್ಮ ಯಜಮಾನರಿಗೆ ಇದನ್ನು ಖಂಡಿತ ಹೇಳಿ.

ಈ ಸಗಟು ಸಂಗ್ರಹ ನಿಂತದ್ದಾದರೂ ಜನ ಹೆದರಿ ಫೋನ್ ಬಿಟ್ಟದ್ದರಿಂದಲ್ಲ. ಯಾವ ಕಾನೂನಿನಡಿ ಇದು ನಡೆಯುತ್ತಿದೆ ಎಂದು ಕೋರ್ಟಿನಲ್ಲಿ ಕೇಳಿದವರಿದ್ದರು. 2015ರ ಮೇ ತಿಂಗಳಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದು, ಸರ್ಕಾರ ತೋರಿಸಿದ ಕಾನೂನು ಇದಕ್ಕೆ ಅವಕಾಶ ಕೊಡುವುದಿಲ್ಲ ಎಂದಿತು. ಮರುತಿಂಗಳೇ ಅದನ್ನು ನಿಲ್ಲಿಸುವ ಕಾಯ್ದೆ ಬಂತು.

ಇನ್ನು ಪೆಗಾಸಸ್. ಅದು ಸರ್ಕಾರಗಳಿಗೆ ಮಾರಲಾಗುವ, ಆಯ್ದ ವ್ಯಕ್ತಿಯ ಫೋನಿನೊಳಗೇ ನುಗ್ಗುವ ಕುತಂತ್ರಾಂಶ. 2021ರ ಜುಲೈನಲ್ಲಿ ಅದರ ಗುರಿಯಾಗಿರಬಹುದು ಎನ್ನಲಾದ 50,000ಕ್ಕೂ ಹೆಚ್ಚು ನಂಬರುಗಳ ಪಟ್ಟಿ ಬಯಲಾದಾಗ, ಅಷ್ಟೂ ಫೋನುಗಳು ಹ್ಯಾಕ್ ಆದವೆಂಬಂತೆ ಸುದ್ದಿ ಹಬ್ಬಿತು. ಪಟ್ಟಿಯಲ್ಲಿ ನಂಬರ್ ಇದ್ದ ಮಾತ್ರಕ್ಕೆ ಫೋನ್ ಹ್ಯಾಕ್ ಆಗಿದೆ ಎಂದಲ್ಲ ಎಂದು ತನಿಖೆ ನಡೆಸಿದ ಪತ್ರಕರ್ತರೇ ಬರೆದಿದ್ದರು. ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿಯ ಪ್ರಯೋಗಾಲಯ ಪರೀಕ್ಷಿಸಿದ 67 ಫೋನುಗಳಲ್ಲಿ 37ರಲ್ಲಿ ದಾಳಿಯ ಅಥವಾ ದಾಳಿ ಯತ್ನದ ಕುರುಹು ಸಿಕ್ಕಿತು. ಪತ್ರಕರ್ತರು, ಮಾನವ ಹಕ್ಕು ಹೋರಾಟಗಾರರು ಗುರಿಯಾಗಿದ್ದರು ಎನ್ನಲು ಈ 37 ಸಾಲದೇ? ಸಂಖ್ಯೆಯನ್ನು ಉಬ್ಬಿಸಿ ಹೇಳುವ ಸುದ್ದಿವಾಹಿನಿ ಅವರಿಗೇ ದ್ರೋಹ ಮಾಡುತ್ತದೆ. ಒಂದು ಅಂಕಿ ಸುಳ್ಳಾದರೆ ಸಾಕು, ಇಡೀ ಪ್ರಕರಣವೇ ಸುಳ್ಳು ಎನ್ನಲು ಅಧಿಕಾರಸ್ಥರಿಗೆ ದಾರಿಯಾಗುತ್ತದೆ. ನನಗೆ ಸಿಟ್ಟು ಬರುವುದು ಇಲ್ಲೇ.

ನೀವು ತಂಗಿಯ ಜೊತೆ ಧಾರಾಳವಾಗಿ ಮಾತನಾಡಿ. ಫೋನಿನ ಅಪ್‌ಡೇಟ್‌ಗಳನ್ನು ಮುಂದೂಡಬೇಡಿ, ಗುರುತಿಲ್ಲದವರು ಕಳಿಸಿದ ಲಿಂಕ್ ಒತ್ತಬೇಡಿ. ಸಾಮಾನ್ಯರಿಗೆ ಸರ್ಕಾರಕ್ಕಿಂತ ವಂಚಕರ ಕಾಟವೇ ಹೆಚ್ಚು, ಇವು ಅದಕ್ಕೂ ಆಗುತ್ತವೆ. ಮುಂದಿನ ಸಲ ಅಂಥ ಸುದ್ದಿ ಬಂದಾಗ ಸಂಗ್ರಹಿಸಿದ್ದು ಮಾತೋ ಕರೆ ವಿವರವೋ, ಅನುಮತಿ ಕೊಟ್ಟವರು ಯಾರು, ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ, ದೂರು ಯಾರಿಗೆ ಕೊಡಬಹುದು ಎಂಬುದನ್ನು ಹೇಳುತ್ತಾರಾ ಗಮನಿಸಿ. ಹೇಳದಿದ್ದರೆ ಆ ವಾಹಿನಿಗೇ ಬರೆದು ಕೇಳಿ.