ಡೇಟಾ ಹೊಂದಲಿಲ್ಲ ಅಂತ ಬರವಣಿಗೆ ನಿಲ್ಲಿಸಿದ ಹುಡುಗಿ

(ಹೆಸರು, ಗುರುತಿನ ವಿವರ ಬದಲಿಸಿದೆ.)

ಸುಧಾ ವಿಜಯಪುರದಲ್ಲಿ ಎಂ.ಎಸ್ಸಿ. ರಸಾಯನಶಾಸ್ತ್ರ ಓದುತ್ತಿದ್ದಳು, ಕೊನೆಯ ಸೆಮಿಸ್ಟರ್. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅನ್ನುವುದು ಅವಳ ಡಿಸರ್ಟೇಶನ್ (ಸಂಶೋಧನಾ ಪ್ರಬಂಧ). ಸಲ್ಲಿಸಲು ತಿಂಗಳೂ ಉಳಿದಿರಲಿಲ್ಲ, ಬರೆದದ್ದು ಮುಖಪುಟ ಮತ್ತು ಕೃತಜ್ಞತೆ ಅಷ್ಟೇ. ಗೈಡ್ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ರೂಮಿನ ಗೆಳತಿಯೇ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಕರೆದುಕೊಂಡು ಬಂದಳು.

"ಮೇಡಂ, ನನ್ನ ಡೇಟಾನ ತಪ್ಪೈತ್ರಿ. ಬೋರ್ ಆಳ ಆದಂಗ ಫ್ಲೋರೈಡ್ ಏರಬೇಕಿತ್ತು, ಏರೇ ಇಲ್ಲ. ಸೀನಿಯರ್ ಒಬ್ಬರು ಅಂಕಿ ಸ್ವಲ್ಪ ಹೊಂದಿಸು ಅಂದಾರ."

ಇಂಥವರನ್ನು ಮನೆಯಲ್ಲಿ ಸೋಮಾರಿ ಅಂತಾರೆ. ಬಿಸಿಲಲ್ಲಿ ಊರೂರು ತಿರುಗಿ ನೀರು ತಂದವಳು ಸೋಮಾರಿ ಹೇಗಾಗ್ತಾಳೆ? ಅವಳಿಗಿದ್ದದ್ದು ಹೆದರಿಕೆ.

ಮೊದಲು ನಿದ್ದೆ, ಊಟ ವಿಚಾರಿಸಿದೆ. ಸಾಯುವ ಯೋಚನೆ ಬರುತ್ತಾ ಅಂತಲೂ ನೇರವಾಗಿ ಕೇಳಿದೆ. ಅದಿರಲಿಲ್ಲ, ನಿದ್ದೆ ಮಾತ್ರ ಕೆಟ್ಟಿತ್ತು. ರಾತ್ರಿ ದಿಗಿಲಾದರೆ ಇರಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416 ಫೋನಿನಲ್ಲಿ ಸೇವ್ ಮಾಡಿಸಿದೆ.

ಆಮೇಲೆ ಲ್ಯಾಬ್ ನೋಟ್‌ಬುಕ್ ತೆಗೆಸಿದೆ. ನನಗೆ ರಸಾಯನಶಾಸ್ತ್ರ ಅಷ್ಟಕ್ಕಷ್ಟೇ, ಬಿಡಿಸಿ ಹೇಳು ಅಂದೆ. ಫ್ಲೋರೈಡ್ ಗಾಜಿನ ಜೊತೆ ವರ್ತಿಸುತ್ತದೆ, ಅದಕ್ಕೇ ನೀರು ತರಲು ಪ್ಲಾಸ್ಟಿಕ್ ಬಾಟಲಿ. ಸ್ಪ್ಯಾಡ್ನ್ಸ್ ಅನ್ನುವ ಕೆಂಪು ಬಣ್ಣದ ದ್ರಾವಣ ಹಾಕಿದರೆ ಫ್ಲೋರೈಡ್ ಹೆಚ್ಚಿದಷ್ಟೂ ಕೆಂಪು ತಿಳಿಯಾಗುತ್ತದೆ. ಈ ವಿಧಾನ ಲೀಟರಿಗೆ ಸುಮಾರು 1.4 ಮಿ.ಗ್ರಾಂ.ವರೆಗೆ ಮಾತ್ರ ಸರಿಯಾಗಿ ತೋರಿಸುತ್ತದೆ. ಅದಕ್ಕೂ ಜಾಸ್ತಿಯಿದ್ದರೆ ಡಿಸ್ಟಿಲ್ಡ್ ವಾಟರ್ ಬೆರೆಸಿ ಮತ್ತೆ ಅಳೆಯಬೇಕು. ಇಷ್ಟು ಹೇಳಿದವಳು ಒಂದು ಪುಟದ ಮೇಲೆ ಬೆರಳಿಟ್ಟು ಸುಮ್ಮನಾದಳು. ಮಿತಿ ದಾಟಿದ ಕೆಲವು ರೀಡಿಂಗ್ ಹಾಗೇ ಬರೆದುಬಿಟ್ಟಿದ್ದಳು.

"ಇವಷ್ಟ ಮತ್ತ ಮಾಡಬೇಕ್ರಿ."

ಅವಷ್ಟನ್ನೇ ಮಾಡು, ಉಳಿದದ್ದು ಮುಟ್ಟಬೇಡ ಅಂದೆ. ಹಳೇ ಬಾಟಲಿಯ ನೀರು ನಡೆಯುತ್ತಾ, ಹೊಸದು ತರಬೇಕಾ ಅನ್ನುವುದನ್ನು ಗೈಡ್ ಹೇಳಲಿ. ಹೊಸ ಅಂಕಿ ಬಂದ ಮೇಲೂ ಆಳಕ್ಕೂ ಫ್ಲೋರೈಡ್‌ಗೂ ನಂಟು ಕಾಣದಿದ್ದರೆ ಹಾಗೆಂದೇ ಬರಿ, ಅದೂ ಫಲಿತಾಂಶವೇ. ಫ್ಲೋರೈಡ್ ಬರುವುದು ಬಂಡೆಯ ಖನಿಜದಿಂದ ಅಂತ ನೀನೇ ಹೇಳಿದೆಯಲ್ಲ, ಬಂಡೆ ಯಾವುದು ಅನ್ನುವುದೂ ಲೆಕ್ಕಕ್ಕೆ ಬರುತ್ತೆ ಅಲ್ವಾ? ಚರ್ಚೆಯ ಅಧ್ಯಾಯಕ್ಕೆ ಅದೇ ಸಾಮಗ್ರಿ. ಕುಡಿಯುವ ನೀರಿಗೆ ಬಿ.ಐ.ಎಸ್. (ಭಾರತೀಯ ಮಾನಕ ಬ್ಯೂರೋ) ಮಾನಕದ ಕೊನೆಯ ಮಿತಿ ಲೀಟರಿಗೆ 1.5 ಮಿ.ಗ್ರಾಂ. ಅದನ್ನು ಎಷ್ಟು ಬೋರ್ ದಾಟಿವೆ ಅಂತ ಒಂದು ಕೋಷ್ಟಕ ಹಾಕು. ಆ ನೀರು ಕುಡಿಯುವವರಿಗೆ ಬೇಕಾದದ್ದು ಅದು. ಅಂಕಿ ತಿದ್ದಿದೆಯೋ, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ನೋಟ್‌ಬುಕ್ ಕೇಳಿದ ಕ್ಷಣ ಸಿಕ್ಕಿಬೀಳ್ತೀ.

ಬರವಣಿಗೆ ಪೀಠಿಕೆಯಿಂದ ಶುರು ಮಾಡಬೇಡ, ವಿಧಾನದ ಅಧ್ಯಾಯದಿಂದ ಮಾಡು. ನನಗೆ ಹೇಳಿದ್ದನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಟೈಪ್ ಮಾಡು ಅಂದೆ. ಪೆನ್‌ಡ್ರೈವ್‌ನಲ್ಲಿ ಯಾರದೋ ಹಳೇ ಪ್ರಾಜೆಕ್ಟ್ ಇಟ್ಟುಕೊಂಡಿದ್ದಳು. ಅದನ್ನು ತೆರೆಯಲೇಬೇಡ ಅಂದೆ. ಯು.ಜಿ.ಸಿ.ಯ 2018ರ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಹೋಲಿಕೆ ಶೇ. 10 ದಾಟಿದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಶೇ. 40 ದಾಟಿದರೆ ಕಡಿಮೆಯೆಂದರೂ ಒಂದು ವರ್ಷ ಸಲ್ಲಿಸುವ ಹಾಗೇ ಇಲ್ಲ.

ಗೈಡ್‌ಗೆ ಮೆಸೇಜ್ ನನ್ನೆದುರೇ ಬರೆಸಿದೆ. ಮೊದಲು ಉದ್ದುದ್ದ ಕ್ಷಮಾಪಣೆ ಬರೆದಳು, ಅದನ್ನು ತೆಗೆಸಿದೆ. ಉಳಿದದ್ದು ಇಷ್ಟು: "ಸರ್, ಕೆಲವು ರೀಡಿಂಗ್ ಡೈಲ್ಯೂಟ್ ಮಾಡಿ ಮತ್ತೆ ತೆಗೀಬೇಕು. ಲ್ಯಾಬಿಗೆ ಯಾವಾಗ ಬರಲಿ?" ಅವಳು ಎದ್ದು ಹೋಗುವುದರೊಳಗೇ ಉತ್ತರ ಬಂತು: "ನಾಳೆ ಹತ್ತಕ್ಕೆ ಬಾ."

ಮುಂದಿನ ಸಲ ಬಂದಾಗ ವಿಧಾನದ ಅಧ್ಯಾಯ ಪ್ರಿಂಟಾಗಿ ಕೈಯಲ್ಲಿತ್ತು. ವೈವಾದಲ್ಲಿ ಏನು ಕೇಳ್ತಾರೋ ಅನ್ನುವುದು ಈಗಿನ ಚಿಂತೆ. ಸಾರಾಂಶ ಬರೆದಿಲ್ಲ, ಅದು ಕೊನೆಗೇ ಇರಲಿ ಅಂದಿದ್ದೇನೆ.