ಒಂದು ರೂಪಾಯಿಗೆ ಎಷ್ಟು ಥರ ಮುಖ?

ಪ್ರಶ್ನೆ: ಚಿಲ್ಲರೆ ಡಬ್ಬಿ ಸುರಿದು ನೋಡಿದ್ರೆ ಒಂದು ರೂಪಾಯಿ ಕಾಯಿನ್ನೇ ನಾಲ್ಕೈದು ಥರ ಇದೆ ಸಾರ್, ಒಂದರಲ್ಲಿ ತೆನೆ, ಒಂದರಲ್ಲಿ ಹೆಬ್ಬೆರಳು, ಒಂದರಲ್ಲಿ ಹೂವು. ಎರಡು ರೂಪಾಯಿ ಅನ್ಕೊಂಡು ಒಂದು ರೂಪಾಯಿ ಕೊಟ್ಟು ಬೈಸ್ಕೊಂಡೂ ಇದೀನಿ. ಯಾಕೆ ಹೀಗೆ ಬದಲಾಯಿಸ್ತಾರೆ? ಹತ್ತರ ಕಾಯಿನ್ ಕೆಲವರು ನಡೆಯಲ್ಲ ಅಂತಾರಲ್ಲ, ನಿಜಾನಾ?

ಉತ್ತರ: ನಿಮ್ಮ ತಪ್ಪೇನಿಲ್ಲ ಬಿಡಿ. ಒಂದು ಕೆಲಸ ಮಾಡಿ, ಡಬ್ಬೀಲಿ 1990ರ ದಶಕದ ತೆನೆ ಇರೋ ಸ್ಟೀಲ್ ಒಂದು ರೂಪಾಯಿ ಹುಡುಕಿ, ಅದರ ಮೇಲೆ 2011ರ ನಂತರದ ₹ ಚಿಹ್ನೆ ಇರೋ ಎರಡು ರೂಪಾಯಿ ಇಡಿ. ಅಂಚಿಗೆ ಅಂಚು ಕೂತ್ಕೊಳ್ಳುತ್ತೆ! ಎರಡೂ 25 ಮಿ.ಮೀ., ಎರಡೂ 4.85 ಗ್ರಾಂ. ಹಾಗೇ ಹಳೇ ಸ್ಟೀಲ್ ಎಂಟಾಣೆ ಮೇಲೆ 2011ರ ಒಂದು ರೂಪಾಯಿ ಇಟ್ಟು ನೋಡಿ, ಅದೂ ಅಷ್ಟೇ, ಎರಡೂ 22 ಮಿ.ಮೀ. ಅಂದ್ರೆ ಎಂಟಾಣೆ ಸೈಜಿಗೆ ರೂಪಾಯಿ ಬಂತು, ರೂಪಾಯಿ ಸೈಜಿಗೆ ಎರಡು ರೂಪಾಯಿ ಬಂತು, ಹಳೇದೂ ಹೊಸದೂ ಒಟ್ಟಿಗೇ ಓಡಾಡ್ತಿದ್ರೆ ಕೈ ಮೋಸ ಹೋಗ್ದೆ ಇನ್ನೇನಾಗುತ್ತೆ.

ಇದಕ್ಕೆ ದೊಡ್ಡ ಕಾರಣ ಲೋಹದ ಖರ್ಚು. ದುಡ್ಡಿನ ಬೆಲೆ ಇಳೀತಾ ಹೋದ ಹಾಗೆ ಅದೇ ಕಾಯಿನ್ನಿಗೆ ಅಷ್ಟು ಲೋಹ ಹಾಕೋಕೆ ಗಿಟ್ಟಲ್ಲ. 1950ರಲ್ಲಿ ಜಾರ್ಜ್ ರಾಜನ ತಲೆ ಹೋಗಿ ಅಶೋಕ ಸ್ತಂಭದ ಸಿಂಹ ಬಂತಲ್ಲ, ಆ ನಿಕ್ಕಲ್ ರೂಪಾಯಿ 11.66 ಗ್ರಾಂ ತೂಗ್ತಿತ್ತು. ಆಮೇಲೆ 10 ಆಯ್ತು, 8 ಆಯ್ತು, 6 ಆಯ್ತು, 1992ರಲ್ಲಿ ಸ್ಟೀಲಿಗೆ ಬಂದಾಗ 4.85, 2011ರಲ್ಲಿ 3.79, 2019ರ ಸೀರೀಸಲ್ಲಿ ಬರೀ 3.09 ಗ್ರಾಂ. ಸಿಂಹ ಮಾತ್ರ ಅವತ್ತಿಂದ ಇವತ್ತಿನವರೆಗೂ ಹಾಗೇ ನಿಂತಿದೆ, ಬದಲಾಗಿದ್ದೆಲ್ಲ ಹಿಂದಿನ ಮುಖ.

ಹೆಬ್ಬೆರಳಿನ ಕಾಯಿನ್ನಿದೆಯಲ್ಲ, 2007ರ ಹಸ್ತಮುದ್ರೆ ಸೀರೀಸು, ಅದು ನಂಗೆ ಇವತ್ತಿಗೂ ಇಷ್ಟ. ಒಂದಕ್ಕೆ ಹೆಬ್ಬೆರಳು, ಎರಡಕ್ಕೆ ಎರಡು ಬೆರಳು, ಓದೋಕೆ ಬರದೇ ಇದ್ರೂ ಬೆರಳು ಎಣಿಸಿದ್ರೆ ಸಾಕು. ಆದ್ರೆ ಕಣ್ಣೇ ಕಾಣದವರಿಗೆ ಆ ಚಿತ್ರದಿಂದ ಏನು ಉಪಯೋಗ ಹೇಳಿ, ಅವರಿಗೆ ಬೇಕಾಗಿರೋದು ಸೈಜು, ತೂಕ, ಅಂಚು. 2019ರ ಸೀರೀಸ್ ಮಾಡಿದ್ದು ಅವರನ್ನ ಮನಸಲ್ಲಿಟ್ಕೊಂಡೇ, ಒಂದು 20 ಮಿ.ಮೀ., ಎರಡು 23, ಐದು 25, ಹತ್ತು 27. ಇಪ್ಪತ್ತೂ 27 ಮಿ.ಮೀ., ಆದ್ರೆ ಅದಕ್ಕೆ 12 ಮೂಲೆ, ಜೇಬಿಗೆ ಕೈ ಹಾಕಿದ್ರೆ ಬೆರಳಿಗೇ ಗೊತ್ತಾಗುತ್ತೆ. ನನ್ನ ಪ್ರಕಾರ ಇಷ್ಟು ವರ್ಷದಲ್ಲಿ ಆಗಿರೋ ಒಳ್ಳೇ ಬದಲಾವಣೆ ಅಂದ್ರೆ ಇದೇ.

ಇನ್ನು ಹತ್ತರ ಕಾಯಿನ್ನು. ಹತ್ತು ಗೆರೆ ಇದ್ರೆ ಅಸಲಿ, ಹದಿನೈದು ಗೆರೆ ಇದ್ರೆ ನಕಲಿ ಅನ್ನೋದು ಶುದ್ಧ ಸುಳ್ಳು. ₹ ಚಿಹ್ನೆ ಬರೋಕೆ ಮುಂಚಿನದ್ರಲ್ಲಿ 15 ಗೆರೆ ಇತ್ತು, ಆಮೇಲಿಂದು 10, ಅಷ್ಟೇ. 2018ರ ಜನವರೀಲಿ ರಿಸರ್ವ್ ಬ್ಯಾಂಕೇ ಅಲ್ಲೀವರೆಗೆ ಬಂದಿದ್ದ 14 ಡಿಸೈನೂ ಚಲಾವಣೆಯಲ್ಲಿದೆ ಅಂತ ಹೇಳಿದೆ, ಧೈರ್ಯವಾಗಿ ಕೊಡಿ. ಎಂಟಾಣೆನೂ ಕಾನೂನು ಪ್ರಕಾರ ನಡೆಯುತ್ತೆ. 2011ರ ಜೂನ್ 30ಕ್ಕೆ ನಿಂತಿದ್ದು 25 ಪೈಸೆ ಮತ್ತು ಅದಕ್ಕಿಂತ ಕಮ್ಮಿದು ಮಾತ್ರ, ಡಬ್ಬೀಲಿ ನಾಲ್ಕಾಣೆ ಏನಾದ್ರೂ ಸಿಕ್ರೆ ಮಕ್ಕಳಿಗೆ ತೋರಿಸೋಕೆ ಎತ್ತಿಟ್ಕೊಳ್ಳಿ.