ಕೂತವರು ಎದ್ದ ಕೂಡಲೇ ಕಣ್ಣಿಗೆ ಕತ್ತಲೆ ಬರುವುದೇಕೆ?

ವಿಜಯಪುರದ ಬಿಸಿಲಲ್ಲಿ ಉಳ್ಳಾಗಡ್ಡಿ ಹೊಲದಾಗ ಕುಕ್ಕರಗಾಲಲ್ಲಿ ಕೂತು ಕಸ ಕಿತ್ತು ಎದ್ದರೆ ಕಾಕಾಗೆ ಕಣ್ಣಿಗೆ ಕತ್ತಲೆ ಬರ್ತದ, ಬಹಳ ವರ್ಷದಿಂದ ಶುಗರ್ ಅದ, ಇದು ಹಾರ್ಟಿನ ತೊಂದರೆಯೇ ಎಂದು ಕೇಳಿದ್ದೀರಿ. ನನ್ನ ಮೊದಲ ಅನುಮಾನ ಹೃದಯದ ಮೇಲಲ್ಲ, ಅದನ್ನು ಹತೋಟಿಯಲ್ಲಿಡುವ ಸ್ವಾಯತ್ತ ನರಗಳ (ನಮ್ಮ ಅರಿವಿಲ್ಲದೆ ತಾವಾಗಿಯೇ ಕೆಲಸ ಮಾಡುವ ನರಗಳು) ಮೇಲೆ.

ನರಗಳ ಹಿಡಿತವಿಲ್ಲದಿದ್ದರೆ ಹೃದಯ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ವಿಶ್ರಾಂತಿಯಲ್ಲಿ ಅದನ್ನು 70ರ ಆಸುಪಾಸಿಗೆ ಇಳಿಸುವುದು ವೇಗಸ್ ನರ. ಎದ್ದು ನಿಂತರೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆ, ಕಾಲುಗಳಿಗೆ ಇಳಿಯುತ್ತದೆ. ಕುತ್ತಿಗೆಯ ಧಮನಿಯಲ್ಲಿರುವ ನರತುದಿಗಳು ಒತ್ತಡ ಇಳಿದದ್ದನ್ನು ಮಿದುಳಿನ ಬುಡಕ್ಕೆ ತಿಳಿಸುತ್ತವೆ. ವೇಗಸ್ ತಕ್ಷಣ ಹಿಡಿತ ಸಡಿಲಿಸುತ್ತದೆ; ಸ್ವಾಯತ್ತ ನರಗಳ ಇನ್ನೊಂದು ಬಗೆಯಾದ ಸಿಂಪಥೆಟಿಕ್ ನರಗಳು ರಕ್ತನಾಳಗಳನ್ನು ಬಿಗಿಗೊಳಿಸಲು ಇನ್ನೂ ಕೆಲವು ಸೆಕೆಂಡು ಬೇಕು. ಬಹುಕಾಲದ ಶುಗರ್ ಈ ಎರಡೂ ಬಗೆಯ ನರಗಳನ್ನು ಕೆಡಿಸಬಲ್ಲದು; ಆಗ ಎದ್ದಾಗ ಬಿಪಿ ಕುಸಿದು, ಮಿದುಳಿಗೆ ರಕ್ತ ಸಾಲದೆ ಕಣ್ಣಿಗೆ ಕತ್ತಲೆ ಬರುತ್ತದೆ. ಊಟಕ್ಕೆ ಕೂತರೆ ಮುಖ ಬೆವರುವುದು, ಅಂಗಾಲು ಮಾತ್ರ ಒಣಗಿ ಬಿರಿಯುವುದು: ಹೀಗಿದ್ದರೆ ಅನುಮಾನ ಇನ್ನೂ ಗಟ್ಟಿ.

ಮನೆಯಲ್ಲೇ ನೋಡಿ. 5 ನಿಮಿಷ ಮಲಗಿಸಿ ಬಿಪಿ, ನಾಡಿ ಬರೆದುಕೊಳ್ಳಿ. ನಿಲ್ಲಿಸಿ 1ನೇ ಮತ್ತು 3ನೇ ನಿಮಿಷಕ್ಕೆ ಮತ್ತೆ ಅಳೆಯಿರಿ. ಪಕ್ಕದಲ್ಲಿ ಒಬ್ಬರು ಇರಲಿ. ನಿಂತಾಗ ತೋಳು ಎದೆಮಟ್ಟಕ್ಕೆ ಇರಬೇಕು. ಕೈ ಇಳಿಬಿಟ್ಟರೆ ಬಿಪಿ ಹೆಚ್ಚಾಗಿ ತೋರಿಸಿ ಇಳಿತವೇ ಮುಚ್ಚಿಹೋಗುತ್ತದೆ. ಬಹಳ ಮಂದಿ ತಪ್ಪುವುದು ಇಲ್ಲೇ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ತೊಂದರೆ ಇದೆ ಎಂದರ್ಥ. ಬಿಪಿ ಇಳಿದರೂ ನಾಡಿ 15ರಷ್ಟೂ ಏರದಿದ್ದರೆ ನರದ ದೋಷವಿರಬಹುದು. ನಾಡಿ ಜೋರಾಗಿ ಏರಿದರೆ ಮೈಯಲ್ಲಿ ನೀರು ಕಡಿಮೆಯಾಗಿರುವ ಸಾಧ್ಯತೆ ಹೆಚ್ಚು. ಎದೆಬಡಿತ ನಿಧಾನಿಸುವ ಮೆಟೊಪ್ರೊಲಾಲ್‌ನಂಥ ಗುಳಿಗೆ ತಗೊಳ್ಳುವವರಲ್ಲಿ ನಾಡಿಯ ಲೆಕ್ಕ ನಂಬುವಂತಿಲ್ಲ. ಮಧ್ಯಾಹ್ನದ ಊಟವಾಗಿ ಒಂದು ತಾಸಿಗೆ ಇನ್ನೊಮ್ಮೆ ಅಳೆಯಿರಿ: ಆಗ ಕರುಳಿಗೆ ರಕ್ತ ಹೆಚ್ಚು ಹರಿಯುವುದರಿಂದ ಬಿಪಿ ಇನ್ನಷ್ಟು ಕುಸಿಯಬಹುದು.

ಮೂತ್ರ ಸಲೀಸಾಗಲು ಕೊಡುವ ಟ್ಯಾಮ್ಸುಲೋಸಿನ್, ಬಿಪಿ ಗುಳಿಗೆಗಳೂ ಎದ್ದಾಗ ಹೀಗೆ ಬಿಪಿ ಇಳಿಸಬಲ್ಲವು. ನೀವಾಗಿಯೇ ನಿಲ್ಲಿಸಬೇಡಿ, ಬರೆದ ಅಂಕಿಗಳ ಜೊತೆ ಗುಳಿಗೆಯ ಪಟ್ಟಿಗಳನ್ನೂ ಡಾಕ್ಟರಿಗೆ ತೋರಿಸಿ.

ಅಲ್ಲಿಯವರೆಗೆ, ಕುಕ್ಕರಗಾಲಿಂದ ಒಮ್ಮೆಲೇ ಏಳದೆ ಮೊದಲು ಬದುವಿನ ಮೇಲೆ ಕೂಡಲಿ. ನಿಂತ ಮೇಲೆ ಕಾಲು ಕತ್ತರಿ ಹಾಕಿ ತೊಡೆ ಬಿಗಿಯಲಿ. ಕತ್ತಲೆ ಬಂದರೆ ತಕ್ಷಣ ಕೂಡಬೇಕು ಇಲ್ಲವೇ ಮಲಗಬೇಕು. ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದೇ, ಆದರೆ ಹೃದಯ, ಕಿಡ್ನಿ ತೊಂದರೆ ಇದ್ದರೆ ಕೇಳಿಯೇ ಕೊಡಿ. ಚಕ್ಕರ್ ಬಂದಾಗ ಶುಗರ್ ಕೂಡ ನೋಡಿ: ನರ ಕೆಟ್ಟವರಲ್ಲಿ ಅದು 70ಕ್ಕಿಂತ ಕೆಳಗಿಳಿದರೂ ನಡುಕ, ಎದೆಬಡಿತ ಕಾಣದೇ ಇರಬಹುದು. ಕೂತಲ್ಲೇ ಎಚ್ಚರ ತಪ್ಪಿದರೆ ಅಥವಾ ಎದೆನೋವು ಬಂದರೆ ಈ ಪರೀಕ್ಷೆಗಳಿಗೆಲ್ಲ ಕೂಡಬೇಡಿ, ಆಗಲೇ ಆಸ್ಪತ್ರೆಗೆ ಒಯ್ದು ಇಸಿಜಿ ಮಾಡಿಸಿ.